ಟಿ ಮಾಡೆಲ್ ಫೋರ್ಡಿನ ಕೀಲೆಣ್ಣೆ

1908ರಿಂದ 1927ರವರೆಗೆ ಫೋರ್ಡ್ ಕಂಪನಿಯವರು ತಯಾರಿಸಿದ ಟಿ ಮಾಡೆಲ್ ಕಾರುಗಳ ಸಂಖ್ಯೆ ಒಂದೂವರೆ ಕೋಟಿ. ಇವುಗಳಲ್ಲಿ ಒಂದಕ್ಕಾದರೂ ಕಾರ್ಖಾನೆಯವರು ಎಣ್ಣೆಯ ಪಂಪನ್ನು ಕೂಡಿಸಲಿಲ್ಲವೆಂದರೆ ಇಂದು ಮೋಟಾರು ಬಲ್ಲವರು ಹುಬ್ಬೇರಿಸಬಹುದು. ಪಂಪಿಲ್ಲದ ಮೇಲೆ ಎಣ್ಣೆಯ ಒತ್ತಡವನ್ನು ತೋರುವ ಗಡಿಯಾರವೂ ಇಲ್ಲ, ಸೋಸುವ ಫಿಲ್ಟರೂ ಇಲ್ಲ. ಎಂಜಿನ್ನಿನ ಹಿಂಭಾಗದಲ್ಲಿ ತಳದ ಬಳಿ, ಒಂದರ ಮೇಲೊಂದು ಎರಡು ಪುಟ್ಟ ನಲ್ಲಿಗಳಿದ್ದುವು. ಕಾರಿನ ಯಜಮಾನನು ನೆಲದ ಮೇಲೆ ಒರಗಿ, ಕೈಚಾಚಿ ನಲ್ಲಿಯನ್ನು ತಿರುಗಿಸಬೇಕು. ಮೇಲಿನದರಿಂದ ಎಣ್ಣೆ ಬಾರದೆ ಕೆಳಗಿನದರಿಂದ ಬಂದರೆ ಕ್ಷೇಮ. ಎರಡರಿಂದಲೂ ಬಾರದಿದ್ದರೆ ಪ್ರಯಾಣವನ್ನು ನಿಲ್ಲಿಸುವುದು ಲೇಸು.

ಕೀಲಿಗೆ ಎಣ್ಣೆ ಏಕೆ ಬೇಕೆಂಬುದು ಆ ವೇಳೆಗೆ ತಿಳಿಯದ ಸಂಗತಿಯೇನೂ ಆಗಿರಲಿಲ್ಲ. ಇಂಗ್ಲೆಂಡಿನಲ್ಲಿ ಬ್ಯೂಚಾಂಪ್ ಟವರ್ ಎಂಬ ಎಂಜಿನಿಯರು 1883ರ ಸುಮಾರಿನಲ್ಲಿ, ರೈಲು ಗಾಡಿಯ ಅಚ್ಚಿನ ಕೀಲಿನಂಥದೊಂದನ್ನು ಇಟ್ಟುಕೊಂಡು ಪರೀಕ್ಷೆ ನಡೆಸುತ್ತಿದ್ದರು. ಎಣ್ಣೆ ಬಿಡುವುದಕ್ಕೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದರೆ, ಎಣ್ಣೆ ಒಳಕ್ಕೆ ಇಳಿಯುವುದಿರಲಿ, ಒಳಗಿನಿಂದಲೇ ಉಕ್ಕಿ ಹೊರಗೆ ಬಂತು. ಬಿರಡೆ ಹಾಕಿದರು, ಬಿರಡೆಯನ್ನು ಅದು ಹೊರಕ್ಕೆ ತಳ್ಳಿತು. ಒತ್ತಡದ ಮಾಪಕವನ್ನು ಕೂಡಿಸಿ ನೋಡಿದಾಗ, ಕೀಲಿನ ಮೇಲೆ ಹೇರಿದ್ದ ಸರಾಸರಿ ಒತ್ತಡದ ಎರಡರಷ್ಟಕ್ಕೂ ಮುಳ್ಳು ಮೀರಿತ್ತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸೆಳೆದುಕೊಂಡು, ತೆಳುವಾದ ಒಂದು ಪೊರೆಯನ್ನು ಕಟ್ಟಿಕೊಂಡು, ಅದರ ಮೇಲೆ ತೇಲುತ್ತದೆ. ಇದರ ಗಣಿತವನ್ನು 1886ರಲ್ಲಿ ಆಸ್‌ಬೋರ್ನ್ ರೆನಾಲ್ಡ್ಸ್ ಬಿಡಿಸಿಟ್ಟರು. ಹೊರೆಯನ್ನು ಹೊರುವುದು ಎಣ್ಣೆಯ ಪೊರೆ. ಪೊರೆ ಉಳಿಯಬೇಕಾದರೆ ಎಣ್ಣೆಯ ಸರಬರಾಜು ಕಡಿಯಬಾರದು.

ಫೋರ್ಡರ ಎಂಜಿನ್ನಿನಲ್ಲಿ ಈ ಸರಬರಾಜಿನ ಕೆಲಸ ಫ್ಲೈವೀಲಿನದು. ಎಂಜಿನ್ನಿನ ಹಿಂತುದಿಯಲ್ಲಿದ್ದ ಈ ದೊಡ್ಡ ಚಕ್ರಕ್ಕೆ ಕಿಡಿ ಹುಟ್ಟಿಸುವ ಹದಿನಾರು ಅಯಸ್ಕಾಂತಗಳನ್ನು ಬಿಗಿದಿದ್ದರು. ತಳದ ಎಣ್ಣೆಯಲ್ಲಿ ಮುಳುಗಿ ತಿರುಗುತ್ತ ಅದು ಎಣ್ಣೆಯನ್ನು ಎರಚುತ್ತಿತ್ತು. ಹಾಗೆ ಎರಚಿದ್ದರಲ್ಲಿ ಒಂದಿಷ್ಟು ಒಂದು ಲಾಳಿಕೆಗೆ ಬಿದ್ದು, ಸಣ್ಣ ಕೊಳವೆಯ ಮೂಲಕ ಎಂಜಿನ್ನಿನ ಮುಂತುದಿಯ ಹಲ್ಲುಚಕ್ರಗಳಿಗೆ ಹರಿಯುವುದು. ಅಲ್ಲಿಂದ ಹಿಂದಕ್ಕೆ ಇಳಿಯುತ್ತ ದಾರಿಯಲ್ಲಿನ ದೋಣಿಗಳನ್ನು ತುಂಬುವುದು. ಕನೆಕ್ಟಿಂಗ್ ರಾಡುಗಳ ಬುಡ ಪ್ರತಿ ಸುತ್ತಿಗೆ ಒಮ್ಮೆ ಈ ದೋಣಿಗಳಲ್ಲಿ ಮುಳುಗಿ ಎಣ್ಣೆಯನ್ನು ಮೊಗೆದುಕೊಳ್ಳುವುದು. ಇದನ್ನು ಜಿಪುಣತನವೆಂದು ಕರೆಯುವವರುಂಟು. ನನಗೆ ಹಾಗೆ ಕಾಣುವುದಿಲ್ಲ. ಇಲ್ಲದ ಪಂಪು ಕೆಡುವಂತಿಲ್ಲ. 1908ರಲ್ಲಿ 850 ಡಾಲರಾಗಿದ್ದ ಟೂರಿಂಗ್ ಕಾರಿನ ಬೆಲೆ 1925ರ ವೇಳೆಗೆ 290 ಡಾಲರಿಗೆ ಇಳಿದದ್ದು, ಇಂಥ ಎಷ್ಟೋ ಭಾಗಗಳನ್ನು ಬಿಟ್ಟುಕೊಟ್ಟದ್ದರಿಂದಲೂ ಹೌದು. ಬಯಲು ಸೀಮೆಯ ರೈತನಿಗೆ ಇಷ್ಟು ಸಾಕಾಗಿತ್ತು.

ತೊಡಕು ಬಂದುದು ಏರಿನಲ್ಲಿ. ಕಾರು ದಿಣ್ಣೆ ಹತ್ತುವಾಗ ಅದರ ಮೂತಿ ಮೇಲಾಗುತ್ತದೆ, ಎಣ್ಣೆಯೆಲ್ಲ ಹಿಂದಕ್ಕೆ ಜಾರುತ್ತದೆ. ಕೊಳವೆಯಲ್ಲಿನ ಎಣ್ಣೆ ಎದುರೇರಿ ಮುಂದಕ್ಕೆ ಹೋಗಬೇಕು; ಅದನ್ನು ಒತ್ತಿ ನೂಕುವವರಾರೂ ಇಲ್ಲ. ಮುಂದಿನ ದೋಣಿ ಬರಿದಾಗಿ, ಒಂದನೆಯ ರಾಡಿನ ಕೀಲು ಹಸಿಯುತ್ತದೆ. ಎಂಜಿನ್ನು ಅತ್ಯಂತ ಹೆಚ್ಚು ದುಡಿಯುವ ಹೊತ್ತೂ ಅದೇ! ಎಣ್ಣೆ ಕಾಣದ ಗಾಡಿಯಾದರೆ ಮೊದಲೇ ಕಿರುಗುಟ್ಟಿ ಎಚ್ಚರಿಸುತ್ತದೆ. ಈ ಕೀಲು ಲಟಲಟ ಎನ್ನುವ ಹೊತ್ತಿಗೆ ಅದರ ಒಳಗಿನ ಬ್ಯಾಬಿಟ್ ಲೋಹ ಸವೆದೋ ಕರಗಿಯೋ ಹೋಗಿರುತ್ತಿತ್ತು. ಮೆಕ್ಯಾನಿಕ್ಕು ಹತ್ತಾರು ಮೈಲಿ ದೂರ. ಕರಗಿದ ಲೋಹದ ಜಾಗದಲ್ಲಿ ಸೊಂಟದ ಪಟ್ಟಿಯ ಚರ್ಮವನ್ನು ಇಟ್ಟು ಬಿಗಿದು, ಹೇಗೋ ಮನೆ ಮುಟ್ಟಿದವರ ಕಥೆಗಳನ್ನು ಅಮೆರಿಕದಲ್ಲಿ ಇಂದಿಗೂ ಹೇಳುತ್ತಾರೆ.

ಇದಲ್ಲದೆ ಇನ್ನೊಂದು ಉಪದ್ರವವೂ ಇತ್ತು. ಗೇರು ಬದಲಿಸುವ ಡ್ರಮ್ಮುಗಳನ್ನು ಬಿಗಿಹಿಡಿಯುವ ಪಟ್ಟಿಗಳಿಗೆ ಹತ್ತಿಯ ನೇಯ್ಗೆಯನ್ನು ಹೊದಿಸಿದ್ದರು. ಅವುಗಳಿಗೂ ಎಂಜಿನ್ನಿಗೂ ಎಣ್ಣೆ ಒಂದೇ. ಸವೆದ ನೇಯ್ಗೆಯ ಜುಂಗು ಎಣ್ಣೆಯಲ್ಲಿ ತೇಲಿಬಂದು, ಆ ಸಣ್ಣ ಕೊಳವೆಯ ಬಾಯನ್ನು ಕಟ್ಟಿಬಿಡುತ್ತಿತ್ತು. ಆಗ ಸಮನೆಲದಲ್ಲಿಯೂ ಮುಂದಿನ ಕೀಲಿಗೆ ಉಪವಾಸವೇ ಗತಿ.

ಕಾರ್ಖಾನೆ ಪಂಪು ಕೊಡದೆ ಕುಳಿತಾಗ ಬಿಡಿಭಾಗ ಮಾರುವವರೂ ಗ್ಯಾರೇಜಿನವರೂ ಕೈಹಾಕಿದರು. ಅವರ ಉಪಾಯ ಸರಳವಾದದ್ದು: ಫ್ಲೈವೀಲು ಎರಚುವ ಎಣ್ಣೆಯನ್ನು ಮತ್ತೊಂದು ಕಡೆಯಲ್ಲಿ ಹಿಡಿದು, ಎಂಜಿನ್ನಿನ ಹೊರಮೈಯಲ್ಲಿ ಹಾಯಿಸಿದ ತಾಮ್ರದ ಕೊಳವೆಯಿಂದ ಮುಂತುದಿಗೆ ಮುಟ್ಟಿಸುವುದು. ಒಳಗಿನ ಕೊಳವೆ ಕಟ್ಟಿಕೊಂಡರೂ ಹೊರಗಿನದು ಹರಿಯುತ್ತದೆ. ಜುಂಗನ್ನು ತಡೆಯಲು ಗೇರುಪೆಟ್ಟಿಗೆಯ ಬಾಗಿಲಲ್ಲಿ ತಂತಿಬಲೆಯ ಜರಡಿಯೂ ಬಂತು. ಪಂದ್ಯದ ಕಾರುಗಳನ್ನು ಕಟ್ಟುವವರು ಇದಕ್ಕೂ ಮುಂದೆ ಹೋಗಿ, ಕ್ರ್ಯಾಂಕ್ ಷಾಫ್ಟಿನಲ್ಲಿ ತೂತು ಕೊರೆದು, ಪಂಪನ್ನೇ ಕೂಡಿಸಿ, ಎಣ್ಣೆಯನ್ನು ಒತ್ತಿ ಕಳಿಸಿದರು.

ಫೋರ್ಡರು ಕೊನೆಗೂ ಮಣಿದರು, ಆದರೆ ಅರ್ಧ ಮಾತ್ರ. 1927ರ ಡಿಸೆಂಬರಿನಲ್ಲಿ ಹೊರಬಂದ ಎ ಮಾಡೆಲಿನಲ್ಲಿ ಪಂಪು ಇತ್ತು. ಅದು ಎಣ್ಣೆಯನ್ನು ವಾಲ್ವುಗಳ ಕೋಣೆಯವರೆಗೆ ಎತ್ತಿ ಬಿಡುವುದಷ್ಟೆ; ಮುಖ್ಯ ಕೀಲುಗಳಿಗೆ ಅದು ತಾನಾಗಿ ಇಳಿಯಬೇಕು, ರಾಡುಗಳು ಹಳೆಯಂತೆ ದೋಣಿಯಿಂದ ಮೊಗೆದುಕೊಳ್ಳಬೇಕು. ರಾಡಿನ ಕೀಲಿಗೂ ಒತ್ತಡದ ಎಣ್ಣೆ ದೊರೆತದ್ದು 1932ರ ವಿ-8 ಎಂಜಿನ್ನಿನಲ್ಲಿ. ಟವರರ ಬಿರಡೆ ಹಾರಿ ಆಗಲೇ ಅರ್ಧ ಶತಮಾನ ಸಂದಿತ್ತು.

ಉಳಿದುಕೊಂಡ ಟಿ ಕಾರುಗಳನ್ನು ಇಂದೂ ಓಡಿಸುವ ಹವ್ಯಾಸಿಗಳು ಅನೇಕರಿದ್ದಾರೆ. ಇಂದಿನ ಎಣ್ಣೆ ಅಂದಿನದಕ್ಕಿಂತ ಬಹಳ ಮೇಲು. ಚಳಿಯಲ್ಲಿಯೂ ಸಲೀಸಾಗಿ ಹರಿಯುತ್ತದೆ, ಕೊಳೆಯನ್ನು ತನ್ನಲ್ಲಿ ತೇಲಿಸಿಕೊಳ್ಳುತ್ತದೆ. ಆದರೆ ಬಹುಕಾಲ ತೊಳೆಯದ ಹಳೆಯ ಎಂಜಿನ್ನಿಗೆ ಇದನ್ನು ಸುರಿದರೆ ತಳದಲ್ಲಿ ಕೂತ ಗಸಿ ಕದಲಿ, ಅದೇ ಸಣ್ಣ ಕೊಳವೆಗೆ ಅಡ್ಡಬೀಳುವ ಭಯವಿದೆ. ಆದ್ದರಿಂದ ತಿಳಿದವರು ಮೊದಲು ತಳವನ್ನು ಬಿಚ್ಚಿ ಶುಚಿಮಾಡುತ್ತಾರೆ, ಕೊಳವೆಯಲ್ಲಿ ತಂತಿ ಹಾಯಿಸಿ ನೋಡುತ್ತಾರೆ. ಹೊರಗಿನ ತಾಮ್ರದ ಕೊಳವೆಯನ್ನಂತೂ ಹಲವರು ಇಂದಿಗೂ ಕೂಡಿಸಿಕೊಳ್ಳುತ್ತಾರೆ, ಮುಖ್ಯವಾಗಿ ಗುಡ್ಡದ ದಾರಿಗಳಲ್ಲಿ ಓಡಾಡುವವರು.