ಅಗ್ನಿಬಾಣ ಮತ್ತು ವೇಗೋತ್ಕರ್ಷ



ದೇವನಹಳ್ಳಿಯ ಕೋಟೆ ನೋಡಲು ಹೋದವರು ಅಲ್ಲೇ ಸಮೀಪದಲ್ಲಿರುವ ಟಿಪ್ಪು ಸುಲ್ತಾನನ ಜನ್ಮಸ್ಥಳದ ಪುಟ್ಟ ಸ್ಮಾರಕವನ್ನೂ ನೋಡಿರಬಹುದು. 1749ರಲ್ಲಿ ಮೈಸೂರು ಸೈನ್ಯ ಈ ಕೋಟೆಗೆ ಮುತ್ತಿಗೆ ಹಾಕಿದಾಗಲೇ ಅವನ ತಂದೆ ಹೈದರಾಲಿಯ ಹೆಸರು ಮುಂದೆ ಬಂದದ್ದು. ಈ ತಂದೆ ಮಕ್ಕಳ ಸೈನ್ಯದ ಹೆಸರಾಂತ ಆಯುಧ ಅಗ್ನಿಬಾಣ, ಅಂದರೆ ರಾಕೆಟ್. ಭೌತಶಾಸ್ತ್ರದ ತರಗತಿಯಲ್ಲಿ ಹಲವರನ್ನು ಕಾಡುವ ವೇಗೋತ್ಕರ್ಷವನ್ನು ಅರಿಯಲು ಇದಕ್ಕಿಂತ ಒಳ್ಳೆಯ ನಿದರ್ಶನ ನಮ್ಮ ಸೀಮೆಯಲ್ಲಿ ಸಿಗಲಾರದು.

ವೇಗ ಹೆಚ್ಚಿದ್ದರೆ ವೇಗೋತ್ಕರ್ಷವೂ ಹೆಚ್ಚೆಂದು ಪರೀಕ್ಷೆಯಲ್ಲಿ ಬರೆಯುವವರುಂಟು. ಅದು ತಪ್ಪು. ಬಳ್ಳಾರಿ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ.ನಂತೆ ಒಂದೇ ಸಮನೆ, ನೇರವಾಗಿ ಓಡುವ ಬಸ್ಸಿನ ವೇಗೋತ್ಕರ್ಷ ಸೊನ್ನೆ. ನಿಲ್ದಾಣದಿಂದ ಈಗತಾನೆ ಹೊರಟ ಬಸ್ಸಿನ ವೇಗ ಅಲ್ಪ, ಆದರೆ ವೇಗೋತ್ಕರ್ಷ ಉಂಟು. ನಿಮ್ಮ ಬೆನ್ನು ಆಸನಕ್ಕೆ ಒತ್ತಿಕೊಳ್ಳುವುದು ಆಗಲೇ. ವೇಗವು ಸೆಕೆಂಡಿಗೆ ಎಷ್ಟು ಬದಲಾಗುತ್ತದೆ ಎಂಬುದೇ ವೇಗೋತ್ಕರ್ಷ.

ಜಾತ್ರೆಯ ಬಾಣಬಿರುಸಿನಲ್ಲಿ ಮದ್ದು ತುಂಬುವುದು ಕಾಗದದ ಕೊಳವೆಗೆ. ಒತ್ತಡ ಹೆಚ್ಚಿದರೆ ಅದು ಒಡೆದುಹೋಗುತ್ತದೆ. ಮೈಸೂರಿನ ಕುಶಲಕರ್ಮಿಗಳು ಕಬ್ಬಿಣದ ಕೊಳವೆ ಬಳಸಿ, ಅದನ್ನು ಉದ್ದನೆಯ ಬಿದಿರಿಗೆ ಬಿಗಿದರು. ಕಬ್ಬಿಣ ಹೆಚ್ಚಿನ ಒತ್ತಡವನ್ನು ತಡೆಯಿತು. ಅನಿಲ ರಭಸದಿಂದ ಹಿಂದಕ್ಕೆ ಚಿಮ್ಮಿತು. ಮುಂದಕ್ಕೆ ನೂಕುವ ಬಲ ಬೆಳೆಯಿತು.

ಲೆಕ್ಕಕ್ಕೆಂದು ಹೀಗೆ ಭಾವಿಸಿ: ಬಾಣದ ರಾಶಿ 3 ಕೆ.ಜಿ., ಅದರಲ್ಲಿ ಮದ್ದು 1 ಕೆ.ಜಿ., ನೂಕುಬಲ 120 ನ್ಯೂಟನ್. ಗುರುತ್ವವನ್ನೂ ಗಾಳಿಯ ತಡೆಯನ್ನೂ ಬಿಟ್ಟರೆ, ಹೊರಡುವಾಗ ವೇಗೋತ್ಕರ್ಷ 40. ಮದ್ದು ಉರಿದು 2 ಕೆ.ಜಿ. ಉಳಿದಾಗ, ಅದೇ ಬಲಕ್ಕೆ, 60. (ಮಾನ: ಸೆಕೆಂಡಿನ ವರ್ಗಕ್ಕೆ ಮೀಟರ್. ಇದನ್ನು ಬರೆಯದಿದ್ದರೆ ಅಂಕ ಕಳೆಯುತ್ತಾರೆ!) ಮದ್ದು ಮುಗಿದ ಕ್ಷಣ ನೂಕುಬಲ ಇಲ್ಲ. ವೇಗ ಮಾತ್ರ ಆಗಲೇ ಅತ್ಯಧಿಕ. ಅಲ್ಲಿಂದಾಚೆಗೆ ಬಾಣದ ಮೇಲೆ ಅಧಿಕಾರ ನಡೆಸುವುದು ಗುರುತ್ವ ಮತ್ತು ಗಾಳಿ.

1780ರಲ್ಲಿ ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಬ್ರಿಟಿಷರ ಮದ್ದಿನ ಬಂಡಿಗಳು ಸಿಡಿದದ್ದು ಇಂಥ ಬಾಣಗಳಿಂದಲೇ ಎನ್ನುವವರಿದ್ದಾರೆ. ಗುರಿ ತಪ್ಪುವುದು ಸಾಮಾನ್ಯವಾಗಿದ್ದರೂ ಕುದುರೆಗಳು ಬೆದರುತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ಕೆಲವೇ ವರ್ಷಗಳಲ್ಲಿ ವಿಲಿಯಂ ಕಾಂಗ್ರೀವ್ ಅಲ್ಲಿ ತನ್ನ ರಾಕೆಟ್ಟುಗಳನ್ನು ರೂಪಿಸಿದ. ಅವನ ಹೆಸರು ಪುಸ್ತಕಗಳಲ್ಲಿ ಉಳಿಯಿತು, ನಮ್ಮ ಕಮ್ಮಾರರದು ಉಳಿಯಲಿಲ್ಲ. ಅವರು ಮಾಡಿದ ಕೊಳವೆಗಳು ಮಾತ್ರ ಉಳಿದವು: 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಪಾಳುಬಾವಿಯೊಂದರ ಹೂಳಿನಿಂದ, ಸಾವಿರಕ್ಕೂ ಹೆಚ್ಚು ಹೊರಬಂದವು.