ಗಾಯಕರ ಶಾರೀರಪರೀಕ್ಷೆ

ವೀಣೆಯ ತಂತಿಯು ಕಡಿದರೆ ಬೇರೊಂದನ್ನು ಬಿಗಿಯಬಹುದು. ಗಾಯಕನ ಕಂಠಕ್ಕೆ ಆ ಸೌಕರ್ಯವಿಲ್ಲ. ಆದುದರಿಂದಲೇ ಶಾರೀರದ ಗುಣದೋಷವಿಚಾರವು ಪ್ರಾಚೀನಕಾಲದಿಂದಲೂ ಸಂಗೀತಶಾಸ್ತ್ರದ ಒಂದು ಅಂಗವಾಗಿದೆ. 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣರಾಜನಾದ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಧ್ವನಿಗೆ 15 ಗುಣಗಳನ್ನೂ 8 ದೋಷಗಳನ್ನೂ ಎಣಿಸಿದ್ದಾನೆ. ಒರಟಾದ ರೂಕ್ಷ, ಒಡೆದ ಸ್ಫುಟಿತ, ಸತ್ತ್ವವಿಲ್ಲದ ನಿಸ್ಸಾರ ಮೊದಲಾದುವು ಆ ದೋಷಗಳು. ಧ್ವನಿಭೇದಗಳನ್ನು ಆತನು ಕಫಪಿತ್ತವಾತಗಳೊಡನೆ ಹೊಂದಿಸಿ ಹೇಳಿರುವುದರಿಂದ ವೈದ್ಯದೃಷ್ಟಿಯೂ ಅಲ್ಲಿ ಕಾಣುತ್ತದೆ. ಆದರೆ ಪರೀಕ್ಷೆಗೆ ಸಾಧನವಾಗಿದ್ದುದು ಬಲ್ಲವರ ಕಿವಿಯೊಂದೇ.

ಯೂರೋಪಿನಲ್ಲಿಯೂ 19ನೆಯ ಶತಮಾನದ ಮಧ್ಯದವರೆಗೆ ಸ್ಥಿತಿಯು ಹೀಗೆಯೇ ಇದ್ದಿತು. ಬಾಲ್ಯದಿಂದಲೇ ಸ್ಟಾಕ್‌ಹೋಮಿನ ರಾಜನಾಟಕಶಾಲೆಯಲ್ಲಿ ಶಿಕ್ಷಣ ಪಡೆದ ಜೆನ್ನಿ ಲಿಂಡ್ ಎಂಬ ಗಾಯಕಿಯು 1841ರಲ್ಲಿ, ತನ್ನ 20ನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಗಾನಾಚಾರ್ಯನಾದ ಮ್ಯಾನುಯೆಲ್ ಗಾರ್ಸಿಯಾನ ಬಳಿಗೆ ಬಂದಳು. ಅತಿಯಾದ ದುಡಿಮೆಯಿಂದ ಅವಳ ಕಂಠವು ಸೋತಿದ್ದಿತು. ತಾನೂ ಯೌವನದಲ್ಲಿ ಕಂಠವು ಸೋತು ರಂಗಭೂಮಿಯನ್ನು ಬಿಟ್ಟವನಾದ ಗಾರ್ಸಿಯಾನು ಅವಳ ಹಾಡನ್ನು ಕೇಳಿ, ಆ ಸ್ಥಿತಿಯಲ್ಲಿ ಪಾಠ ಹೇಳಲು ಒಪ್ಪದೆ, ಮೊದಲು ಮೌನದಿಂದಿರಬೇಕೆಂದು ವಿಧಿಸಿದನು. ವಿಶ್ರಾಂತಿಯ ಬಳಿಕವೇ ಪಾಠವು ಮೊದಲಾಯಿತು. 1842ರಲ್ಲಿ ಅವಳು ಸ್ವದೇಶದಲ್ಲಿ ಮತ್ತೆ ರಂಗವನ್ನೇರಿದಳು. 1847ರಲ್ಲಿ ಲಂಡನ್ ನಗರವು ಅವಳ ಗಾನಕ್ಕೆ ಮಾರುಹೋಯಿತು.

ಕಿವಿಯಿಂದ ತಿಳಿದುದನ್ನು ಕಣ್ಣಿನಿಂದಲೂ ಕಾಣಬೇಕೆಂಬ ಹಂಬಲವು ಗಾರ್ಸಿಯಾನನ್ನು ಬಿಡಲಿಲ್ಲ. 1854ರಲ್ಲಿ ಆತನು ದಂತವೈದ್ಯರ ಪುಟ್ಟ ಕನ್ನಡಿಯನ್ನು ಬೆಚ್ಚಗೆ ಮಾಡಿ ಕಿರುನಾಲಗೆಗೆ ತಾಗಿಸಿ, ಮತ್ತೊಂದು ಕನ್ನಡಿಯಿಂದ ಸೂರ್ಯಕಿರಣವನ್ನು ಅದರ ಮೇಲೆ ಬೀಳಿಸಿ, ತನ್ನ ನಾದತಂತುಗಳನ್ನು ತಾನೇ ಕಂಡನು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಈ ವಿಷಯವನ್ನು ನಿವೇದಿಸಿದನು. ವೈದ್ಯರು ಇದನ್ನು ರೋಗಪರೀಕ್ಷೆಗೆ ಬಳಸತೊಡಗಿದರು. ಹಾಡುವಾಗ ಆ ತಂತುಗಳು ಸೆಕೆಂಡಿಗೆ ನೂರಾರು ಸಲ ಕಂಪಿಸುವುದರಿಂದ ಬರಿಯ ಕನ್ನಡಿಯಲ್ಲಿ ಅವುಗಳ ಚಲನೆಯು ಸ್ಪಷ್ಟವಾಗದು. 1878ರಲ್ಲಿ ಮ್ಯೂನಿಕ್ಕಿನ ವೈದ್ಯ ಎರ್ಟೆಲ್ ಎಂಬಾತನು ಬಿಟ್ಟುಬಿಟ್ಟು ಬೆಳಗುವ ದೀಪದಿಂದ ಆ ಚಲನೆಯನ್ನು ನಿಧಾನವಾದಂತೆ ತೋರಿಸಿದನು.

ಇಷ್ಟಾದರೂ ಕಣ್ಣೊಂದೇ ಪ್ರಮಾಣವಾಗಲಿಲ್ಲ. ಯಾವ ಬಾಧೆಯೂ ಇಲ್ಲದೆ ಹಾಡುವವರ ತಂತುಗಳಲ್ಲಿಯೂ ಕೆಲವೊಮ್ಮೆ ಸಣ್ಣ ಗಂಟುಗಳು ಕಾಣುವುದುಂಟು. ಆದುದರಿಂದ ಗಾಯಕನ ಅನುಭವವನ್ನೂ ವಿಚಾರಿಸಬೇಕಾಯಿತು. 2007ರಲ್ಲಿ ಹಾಡುವವರಿಗೆಂದೇ 36 ಪ್ರಶ್ನೆಗಳ ಒಂದು ಪಟ್ಟಿಯು ಸಿದ್ಧವಾಯಿತು. ಕೇಳುವ ಕಿವಿ, ನೋಡುವ ಕಣ್ಣು, ಹಾಡುವವರ ಮಾತು, ಈ ಮೂರೂ ಕೂಡಿದಾಗಲೇ ನಿರ್ಣಯವು ನಂಬತಕ್ಕದ್ದಾಗುತ್ತದೆ. ಬಳಲಿದ ಕಂಠಕ್ಕೆ ಮತ್ತಷ್ಟು ಸಾಧನೆಯನ್ನು ಹೇರದೆ ಮೌನವನ್ನು ವಿಧಿಸುವ ಧೈರ್ಯವು ಮಾತ್ರ ಇಂದಿಗೂ ಗುರುವಿನಲ್ಲಿಯೇ ಇರಬೇಕಾದುದು.