ಸಂಸ್ಕೃತ, ಕಂಪ್ಯೂಟರ್ ಮತ್ತು ಆಡಳಿತ ಭಾಷೆಯ ಪ್ರಶ್ನೆ

ಕಂಪ್ಯೂಟರಿಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗುವ ಭಾಷೆ ಸಂಸ್ಕೃತ, ನಾಸಾ ಕೂಡ ಅದನ್ನು ಒಪ್ಪಿಕೊಂಡಿದೆ ಎಂಬ ಮಾತು ಶಾಲೆಯ ಭಾಷಣಗಳಿಂದ ಹಿಡಿದು ಸಂಸತ್ತಿನ ಚರ್ಚೆಯವರೆಗೆ ಕೇಳಿಬರುತ್ತದೆ. ಇದಕ್ಕೆ ಆಧಾರವಾಗಿ ತೋರಿಸುವುದು 1985ರಲ್ಲಿ ಅಮೆರಿಕದ ‘ಎಐ ಮ್ಯಾಗಜೀನ್’ ಪತ್ರಿಕೆಯಲ್ಲಿ ಬಂದ ರಿಕ್ ಬ್ರಿಗ್ಸ್ ಅವರ ಲೇಖನವನ್ನು. ಬ್ರಿಗ್ಸ್ ಆಗ ಕ್ಯಾಲಿಫೋರ್ನಿಯಾದ ನಾಸಾ ಏಮ್ಸ್ ಕೇಂದ್ರದಲ್ಲಿದ್ದ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದರು. ಬರಹ ಅವರ ಸ್ವಂತದ್ದು. ನಾಸಾ ಕೈಗೊಂಡ ತೀರ್ಮಾನ ಅದರಲ್ಲಿಲ್ಲ. ಅವರು ಹೇಳಿದ್ದರಲ್ಲಿ ನಿಜವಾಗಿಯೂ ಸತ್ತ್ವವಿತ್ತು, ಆದರೆ ಆ ಸತ್ತ್ವ ಇರುವುದು ಬೇರೆ ಕಡೆ. ಸಂಸ್ಕೃತದ ವೈಯಾಕರಣರು ಕಟ್ಟಿದ ವಿಶ್ಲೇಷಣಾ ಪದ್ಧತಿಗೆ ಸಲ್ಲಬೇಕಾದ ಹೊಗಳಿಕೆ ಸಂಸ್ಕೃತ ಭಾಷೆಯ ಲೆಕ್ಕಕ್ಕೆ ಜಮೆಯಾಗಿದೆ. ಅಲ್ಲಿಂದ ಮುಂದೆ ಅದೇ ಹೊಗಳಿಕೆ ಸಂಸ್ಕೃತ ರಾಷ್ಟ್ರಭಾಷೆಯಾಗಬೇಕೆಂಬ ವಾದಕ್ಕೂ ಬಂಡವಾಳವಾಗಿದೆ. ಈ ಎರಡು ಜಿಗಿತಗಳನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು.

ಬ್ರಿಗ್ಸ್ ಎತ್ತಿಕೊಂಡ ಉದಾಹರಣೆ ಸರಳವಾದದ್ದು: ಮೈತ್ರನೆಂಬವನು ಸ್ನೇಹದಿಂದ ದೇವದತ್ತನಿಗಾಗಿ ಗಡಿಗೆಯಲ್ಲಿ, ಬೆಂಕಿಯಿಂದ ಅನ್ನ ಬೇಯಿಸುತ್ತಾನೆ. ಹದಿನೇಳು, ಹದಿನೆಂಟನೆಯ ಶತಮಾನಗಳ ವೈಯಾಕರಣರು ಇಂಥ ವಾಕ್ಯವನ್ನು ಕೈಗೆತ್ತಿಕೊಂಡು, ಇಲ್ಲಿ ಅಕ್ಕಿ ಮೆತ್ತಗಾಗುವ ಫಲವುಳ್ಳ ಒಂದು ವ್ಯಾಪಾರವಿದೆ, ಅದರ ಕರ್ತೃ ಮೈತ್ರ, ಕರ್ಮ ಅನ್ನ, ಕರಣ ಬೆಂಕಿ, ಅಧಿಕರಣ ಗಡಿಗೆ, ಸಂಪ್ರದಾನ ದೇವದತ್ತ, ಹೇತು ಸ್ನೇಹ ಎಂದು ಎಳೆಎಳೆಯಾಗಿ ಬಿಡಿಸಿ ಹೇಳುತ್ತಿದ್ದರು. ಅರ್ಥವನ್ನು ಯಂತ್ರದೊಳಗೆ ಹಿಡಿದಿಡಲು 1980ರ ದಶಕದ ಕೃತಕ ಬುದ್ಧಿಮತ್ತೆಯ ಸಂಶೋಧಕರು ಹೆಣೆಯುತ್ತಿದ್ದ ಜಾಲಗಳೂ ಹೆಚ್ಚುಕಡಿಮೆ ಇದೇ ಆಕಾರದವು. ಈ ಹೋಲಿಕೆ ಗಂಭೀರವಾದದ್ದೇ. 1986ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಇದೇ ವಿಷಯದ ಮೇಲೆ ರಾಷ್ಟ್ರೀಯ ಸಮ್ಮೇಳನವೂ ನಡೆಯಿತು. ಆದರೆ ಮೇಲಿನ ವಿಶ್ಲೇಷಣೆಯನ್ನು ಈಗಷ್ಟೇ ಕನ್ನಡದಲ್ಲಿ ಓದಿದೆವು, ಏನೂ ಕಳೆದುಹೋಗಲಿಲ್ಲ. ಕರ್ತೃ, ಕರ್ಮ ಮುಂತಾದ ಈ ಕಾರಕಗಳು ಕ್ರಿಯೆಗೂ ಅದರಲ್ಲಿ ಪಾಲ್ಗೊಂಡವರಿಗೂ ಇರುವ ಸಂಬಂಧಗಳು. ಅವು ಯಾವ ಭಾಷೆಯ ವಾಕ್ಯದಲ್ಲಾದರೂ ಇರುತ್ತವೆ.

ಪಾಣಿನಿಯ ವಿಷಯದಲ್ಲೂ ಹೀಗೆಯೇ. ಸುಮಾರು ನಾಲ್ಕು ಸಾವಿರ ಸೂತ್ರಗಳ ಅಷ್ಟಾಧ್ಯಾಯಿಯನ್ನು ಓದಿದ ಯಾವ ಪ್ರೋಗ್ರಾಮರನಿಗೂ ಪರಿಚಿತ ಲೋಕಕ್ಕೆ ಬಂದಂತೆ ಅನ್ನಿಸದಿರದು. ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ನಾವು ಕಲಿಯುವ ಯಣ್ ಸಂಧಿಯನ್ನೇ ನೋಡಿ. ಅತಿ ಮತ್ತು ಅಂತ ಸೇರಿ ಅತ್ಯಂತ, ಮನು ಮತ್ತು ಅಂತರ ಸೇರಿ ಮನ್ವಂತರ. ಇ, ಉ, ಋ, ಌ ಸ್ವರಗಳ ಮುಂದೆ ಬೇರೆ ಸ್ವರ ಬಂದರೆ ಅವುಗಳ ಜಾಗಕ್ಕೆ ಕ್ರಮವಾಗಿ ಯ, ವ, ರ, ಲ ಬರುತ್ತವೆ ಎಂಬ ಇಷ್ಟು ಉದ್ದದ ವಿವರಣೆಯನ್ನು ಪಾಣಿನಿ ಆರನೆಯ ಅಧ್ಯಾಯದಲ್ಲಿ ಮೂರೇ ಪದಗಳಲ್ಲಿ ಮುಗಿಸುತ್ತಾನೆ. ಆ ಪದಗಳಲ್ಲಿರುವ ಇಕ್, ಯಣ್, ಅಚ್ ಎಂಬ ಪ್ರತ್ಯಾಹಾರಗಳು, ಅಂದರೆ ವರ್ಣಗಳ ಗುಂಪಿಗೆ ಕೊಟ್ಟ ಚುಟುಕು ಹೆಸರುಗಳು, ಹದಿನಾಲ್ಕು ಮಾಹೇಶ್ವರ ಸೂತ್ರಗಳಲ್ಲಿ ಜೋಡಿಸಿಟ್ಟ ವರ್ಣಗಳ ಪಟ್ಟಿಯಿಂದ ಬೇಕಾದ ತುಂಡನ್ನು ಕತ್ತರಿಸಿ ಕೊಡುತ್ತವೆ. ಯಾವುದು ತೆಗೆಯಬೇಕಾದ್ದು, ಯಾವುದು ಅದರ ಜಾಗಕ್ಕೆ ಬರಬೇಕಾದ್ದು, ಯಾವುದು ಮುಂದಿರಬೇಕಾದ್ದು ಎಂಬುದನ್ನು ವಿಭಕ್ತಿ ಪ್ರತ್ಯಯಗಳೇ ಹೇಳುತ್ತವೆ. ಸೂತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ ಯಾವುದು ಗೆಲ್ಲಬೇಕೆಂಬುದಕ್ಕೂ ಅವನಲ್ಲಿ ನಿಯಮವುಂಟು. ಆಲ್ಗಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ವ್ಯಾಕರಣವನ್ನು ಬರೆಯಲು ಜಾನ್ ಬ್ಯಾಕಸ್ 1959ರಲ್ಲಿ ರೂಪಿಸಿದ ಸಂಕೇತ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿ ಪೀಟರ್ ಇಂಗರ್ಮನ್ ಪತ್ರ ಬರೆದು ಸೂಚಿಸಿದ್ದು ಸುಮ್ಮನೆ ಅಲ್ಲ. ಮನುಷ್ಯರು ಆಡುವ ಭಾಷೆಯೊಂದನ್ನು ಇಷ್ಟು ಬಿಗಿಯಾಗಿ, ಇಷ್ಟು ಕಡಿಮೆ ಮಾತಿನಲ್ಲಿ ವರ್ಣಿಸಿದ ಇನ್ನೊಂದು ಗ್ರಂಥ ಪ್ರಾಚೀನ ಜಗತ್ತಿನಲ್ಲಿಲ್ಲ. ಆದರೆ ಇಲ್ಲಿ ಬೆರಗು ಹುಟ್ಟಿಸುವುದು ವರ್ಣನೆ. 1604ರಲ್ಲಿ ಭಟ್ಟಾಕಳಂಕ ಕನ್ನಡಕ್ಕೆ 592 ಸಂಸ್ಕೃತ ಸೂತ್ರಗಳ ಶಬ್ದಾನುಶಾಸನವನ್ನು ಬರೆದು, ಆ ವರ್ಣನಾ ವಿಧಾನ ಬೇರೆ ಕುಲದ ಭಾಷೆಗೂ ಸಲ್ಲುತ್ತದೆಂದು ತೋರಿಸಿಬಿಟ್ಟಿದ್ದಾನೆ. ನಮ್ಮ ಕಾಲದಲ್ಲಿ ವಿನೀತ್ ಚೈತನ್ಯ, ರಾಜೀವ್ ಸಂಗಲ್ ಮತ್ತು ಅವರ ಸಂಗಡಿಗರು ಕಾರಕ ತತ್ತ್ವವನ್ನೇ ನೆಚ್ಚಿಕೊಂಡು ಭಾರತೀಯ ಭಾಷೆಗಳ ಯಂತ್ರಾನುವಾದಕ್ಕೆ ಕೈಹಾಕಿದರು. ಅವರ ‘ಅನುಸಾರಕ’ ಕನ್ನಡದಿಂದ ಹಿಂದಿಗೂ ಕೆಲಸ ಮಾಡಿತು. ಪಾಣಿನಿ ಕಂಪ್ಯೂಟರಿಗೆ ನಿಜವಾಗಿ ಉಪಕಾರ ಮಾಡಿರುವ ದಾರಿ ಇದು.

ಸಂಸ್ಕೃತದಲ್ಲಿ ಸಂದಿಗ್ಧತೆಯೇ ಇಲ್ಲ, ಹಾಗಾಗಿ ಯಂತ್ರಕ್ಕೆ ಸುಲಭ ಎಂಬುದು ಇನ್ನೊಂದು ವಾದ. ಸಂಸ್ಕೃತ ಸಾಹಿತ್ಯವನ್ನು ಪ್ರೀತಿಸುವವರು ಇದನ್ನು ಒಪ್ಪುವುದು ಕಷ್ಟ. ‘ಶ್ವೇತೋ ಧಾವತಿ’ ಎಂಬುದನ್ನು ಬಿಳಿಯದು ಓಡುತ್ತಿದೆ ಎಂದೂ, ‘ಶ್ವಾ ಇತೋ’ ಎಂದು ಬಿಡಿಸಿಕೊಂಡರೆ ನಾಯಿ ಇಲ್ಲಿಂದ ಓಡುತ್ತಿದೆ ಎಂದೂ ಓದಬಹುದೆಂದು ಹಳೆಯ ವೈಯಾಕರಣರೇ ತೋರಿಸಿದ್ದಾರೆ. ರಾಮ ಶಬ್ದವನ್ನು ಬಾಯಿಪಾಠ ಮಾಡಿದವರಿಗೆಲ್ಲ ‘ರಾಮಾಭ್ಯಾಮ್’ ಎಂಬ ಒಂದೇ ರೂಪ ತೃತೀಯಾ, ಚತುರ್ಥೀ, ಪಂಚಮೀ ಮೂರೂ ವಿಭಕ್ತಿಗಳ ದ್ವಿವಚನವೆಂದು ಗೊತ್ತು. ಕವಿರಾಜನ ರಾಘವಪಾಂಡವೀಯವಂತೂ ಅದೇ ಶ್ಲೋಕಗಳಲ್ಲಿ ರಾಮಾಯಣವನ್ನೂ ಮಹಾಭಾರತವನ್ನೂ ಒಟ್ಟಿಗೆ ಹೇಳುತ್ತದೆ. ಈ ಶ್ಲೇಷಶಕ್ತಿ ಕಾವ್ಯಕ್ಕೆ ವೈಭವ, ಯಂತ್ರಕ್ಕೆ ತಲೆನೋವು. ಫ್ರಾನ್ಸಿನ ಜೆರಾರ್ ಹ್ಯುಯೆ, ಹೈದರಾಬಾದ್ ವಿಶ್ವವಿದ್ಯಾಲಯದ ಅಂಬಾ ಕುಲಕರ್ಣಿ ಮುಂತಾದವರು ವರ್ಷಗಟ್ಟಲೆ ದುಡಿದಿರುವುದು ಮುಖ್ಯವಾಗಿ ಸಂಧಿ ಬಿಡಿಸುವ, ಪದಗಳನ್ನು ಬೇರ್ಪಡಿಸುವ ಈ ಮೊದಲ ಹೆಜ್ಜೆಯ ಮೇಲೆಯೇ. ಒಂದು ಸಾಲು ಕೊಟ್ಟರೆ ಅದನ್ನು ಒಡೆಯುವ ಹತ್ತಾರು ಸಾಧ್ಯತೆಗಳು ಎದುರಾಗುತ್ತವೆ. ಸರಿಯಾದದ್ದನ್ನು ಆರಿಸಲು ಸಂದರ್ಭ ತಿಳಿದಿರಬೇಕು. ನಿಯಮಗಳಿಂದ ರೂಪಗಳನ್ನು ಹುಟ್ಟಿಸುವುದು ಸಂಸ್ಕೃತದಲ್ಲಿ ಅಚ್ಚುಕಟ್ಟಾಗಿ ನಡೆಯುತ್ತದೆ ಎಂಬುದನ್ನು ಒಪ್ಪಲೇಬೇಕು. ಹುಟ್ಟಿದ ರೂಪದಿಂದ ಹಿಂದಕ್ಕೆ ಅರ್ಥದ ಕಡೆ ನಡೆಯುವಾಗ ಮಾತ್ರ ಅದು ಉಳಿದ ಭಾಷೆಗಳಷ್ಟೇ ಕಷ್ಟ, ಕೆಲವೊಮ್ಮೆ ಇನ್ನೂ ಹೆಚ್ಚು.

ಗೂಗಲ್‌ನ ಅನುವಾದ ಸೇವೆಗೆ ಕನ್ನಡ ಸೇರಿದ್ದು 2011ರಲ್ಲಿ, ಸಂಸ್ಕೃತ ಸೇರಿದ್ದು 2022ರಲ್ಲಿ. ವ್ಯಾಕರಣದ ಶುದ್ಧಿಯೇ ಅಳತೆಗೋಲಾಗಿದ್ದರೆ ಸರದಿ ತಿರುಗುಮುರುಗಾಗಬೇಕಿತ್ತು. ಇಂದಿನ ಯಂತ್ರಾನುವಾದ ನಿಂತಿರುವುದು ಜನ ದಿನವೂ ಬರೆದು ಗುಡ್ಡೆ ಹಾಕುವ ಸುದ್ದಿ, ಅರ್ಜಿ, ಜಾಹೀರಾತು, ಹರಟೆಗಳ ಮೇಲೆ. ಇಂಗ್ಲಿಷಿನ ಕಾಗುಣಿತಕ್ಕೆ ಹೇಳಿಕೊಳ್ಳುವಂಥ ಶಿಸ್ತಿಲ್ಲ, ಆದರೂ ಕಂಪ್ಯೂಟರಿನಲ್ಲಿ ಅದರದೇ ಮೇಲುಗೈ; ಕಾರಣ ಅದರಲ್ಲಿ ಕೆಲಸ ಮಾಡುವವರ ಸಂಖ್ಯೆ ಮತ್ತು ಹಣ.

ಎರಡನೆಯ ಜಿಗಿತದ ಕಡೆಗೆ ಬರೋಣ. ಭಾರತದ ಸಂವಿಧಾನ ಯಾವ ಭಾಷೆಯನ್ನೂ ರಾಷ್ಟ್ರಭಾಷೆಯೆಂದು ಘೋಷಿಸಿಲ್ಲ. 343ನೇ ವಿಧಿ ದೇವನಾಗರಿಯಲ್ಲಿ ಬರೆದ ಹಿಂದಿಯನ್ನು ಒಕ್ಕೂಟದ ಅಧಿಕೃತ ಭಾಷೆ ಎನ್ನುತ್ತದೆ, ಇಂಗ್ಲಿಷಿಗೆ ಹದಿನೈದು ವರ್ಷದ ಅವಧಿ ಕೊಡುತ್ತದೆ. 1963ರ ಅಧಿಕೃತ ಭಾಷಾ ಕಾಯ್ದೆ, 1965ರ ತಮಿಳುನಾಡಿನ ಹಿಂದಿ ವಿರೋಧಿ ಚಳವಳಿ, 1967ರ ತಿದ್ದುಪಡಿಗಳ ಮೂಲಕ ಆ ಅವಧಿ ಕೊನೆಯಿಲ್ಲದಂತೆ ಮುಂದುವರಿದಿದೆ. 345ನೇ ವಿಧಿ ರಾಜ್ಯಗಳಿಗೆ ತಮ್ಮ ಆಡಳಿತ ಭಾಷೆಯನ್ನು ಆರಿಸುವ ಅಧಿಕಾರ ನೀಡಿದೆ. ಕರ್ನಾಟಕದಲ್ಲಿ ಕನ್ನಡಕ್ಕೆ ಆ ಸ್ಥಾನ ಕೊಟ್ಟದ್ದು ರಾಜ್ಯದ್ದೇ ಆದ 1963ರ ಇನ್ನೊಂದು ಕಾಯ್ದೆ. ಎಂಟನೆಯ ಅನುಸೂಚಿಯಲ್ಲಿ ಮೊದಲು ಇದ್ದವು 14 ಭಾಷೆಗಳು, ಈಗ 22. ಸಂಸ್ಕೃತ ಮೊದಲಿನಿಂದಲೂ ಇದೆ. ಅನುಸೂಚಿಯಲ್ಲಿರುವುದು ಗೌರವ ಮತ್ತು ಕೆಲವು ಸೌಲಭ್ಯ, ಕಚೇರಿಯ ಕಡತ ಬರೆಯುವ ಹೊಣೆಯಲ್ಲ.

1949ರ ಸೆಪ್ಟೆಂಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಪಂಡಿತ ಲಕ್ಷ್ಮೀಕಾಂತ ಮೈತ್ರ ಅವರು ಸಂಸ್ಕೃತವೇ ಅಧಿಕೃತ ಭಾಷೆಯಾಗಲೆಂದು ತಿದ್ದುಪಡಿ ಮಂಡಿಸಿದ್ದರು, ನಜೀರುದ್ದೀನ್ ಅಹ್ಮದ್ ಅದನ್ನು ಬೆಂಬಲಿಸಿದ್ದರು. ಸಂಸ್ಕೃತ ಯಾವ ಒಂದು ಪ್ರಾಂತದ ಸೊತ್ತೂ ಅಲ್ಲದ್ದರಿಂದ ಯಾರಿಗೂ ಹೆಚ್ಚಿನ ಲಾಭವಿಲ್ಲ, ಎಲ್ಲರಿಗೂ ಸಮಾನ ಕಷ್ಟ ಎಂಬುದು ಈ ಪಕ್ಷದ ಅತ್ಯಂತ ಬಲವಾದ ವಾದ. ಹಿಂದಿಯ ಹೇರಿಕೆಯನ್ನು ಕಂಡಿರುವ ಕನ್ನಡಿಗರು ಇದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಆದರೂ ಈ ಸಮಾನತೆ ತೋರಿಕೆಯದು. ಸಂಸ್ಕೃತ ಕಲಿಕೆ ತಲೆಮಾರುಗಳಿಂದ ಯಾವ ಮನೆಗಳಲ್ಲಿತ್ತೋ ಅವರ ಮಕ್ಕಳು ಮುಂದಿರುತ್ತಾರೆ, ಓದಿನ ಬಾಗಿಲೇ ಮುಚ್ಚಿದ್ದ ಮನೆಗಳವರು ಮತ್ತೆ ಹಿಂದೆ ಬೀಳುತ್ತಾರೆ. 2011ರ ಜನಗಣತಿಯಲ್ಲಿ ಸಂಸ್ಕೃತವನ್ನು ಮಾತೃಭಾಷೆಯೆಂದು ಹೇಳಿಕೊಂಡವರು 24,821 ಮಂದಿ, ಕನ್ನಡವನ್ನು ಹೇಳಿದವರು ನಾಲ್ಕು ಕೋಟಿಗೂ ಹೆಚ್ಚು. ಪಹಣಿ, ಪಡಿತರ ಚೀಟಿ, ಆಸ್ಪತ್ರೆಯ ಚೀಟಿ ಯಾವ ಭಾಷೆಯಲ್ಲಿರಬೇಕೆಂಬುದನ್ನು ಅವನ್ನು ಓದಬೇಕಾದವರು ನಿರ್ಧರಿಸಬೇಕು. ಉತ್ತರಾಖಂಡ ಮತ್ತು ಹಿಮಾಚಲ ಪ್ರದೇಶ ಸಂಸ್ಕೃತವನ್ನು ಎರಡನೆಯ ಅಧಿಕೃತ ಭಾಷೆಯಾಗಿಸಿವೆ. ಅಲ್ಲಿನ ಅರ್ಜಿದಾರರು ಅದರಿಂದ ಸಂಸ್ಕೃತದಲ್ಲಿ ಅರ್ಜಿ ಬರೆಯುವವರಾಗಿಲ್ಲ.

ಯಂತ್ರ ಮತ್ತು ಕಚೇರಿ ಎರಡೂ ಭಾಷೆಯಿಂದ ಕೇಳುವುದು ಒಂದೇ ಬಗೆಯ ಸಿದ್ಧತೆಯನ್ನು: ಒಪ್ಪಿತ ಸಂಕೇತೀಕರಣ, ಒಳ್ಳೆಯ ಅಕ್ಷರ ವಿನ್ಯಾಸ, ಬಳಕೆಯಲ್ಲಿ ಪಳಗಿದ ಪರಿಭಾಷೆ, ರಾಶಿ ರಾಶಿ ಬರಹ. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ತನ್ನ ತೀರ್ಪುಗಳನ್ನು ಅನುವಾದಿಸಲು ‘ಸುವಾಸ್’ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶವನ್ನು ಒಂಬತ್ತು ಭಾಷೆಗಳೊಂದಿಗೆ ಆರಂಭಿಸಿದಾಗ ಅವುಗಳಲ್ಲಿ ಕನ್ನಡವಿತ್ತು, ಸಂಸ್ಕೃತವಿರಲಿಲ್ಲ. ಅದರಲ್ಲಿ ಸಂಸ್ಕೃತಕ್ಕೆ ಅವಮಾನವೇನೂ ಇಲ್ಲ. ಆ ತೀರ್ಪುಗಳಿಗಾಗಿ ಕಾಯುವ ಕಕ್ಷಿದಾರರು ಕನ್ನಡದಲ್ಲಿ ಬದುಕುವವರು. ಆದರೆ ಅವರ ಕೈಗೆ ಸಿಗುವ ಆ ಕನ್ನಡ ಪಾಠಕ್ಕೆ ಕಾನೂನಿನ ಬಲ ಇನ್ನೂ ಬಂದಿಲ್ಲ. 348ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟಿನ ನಡಾವಳಿಯ ಭಾಷೆ ಇಂಗ್ಲಿಷ್, ಸಂಸತ್ತು ಬೇರೆ ಕಾನೂನು ಮಾಡುವವರೆಗೆ.